ಬಾಗಿಲ ಪಕ್ಕದ ಮೊಳೆ

ನಮ್ಮ ಮನೆಯ ಮುಂಬಾಗಿಲ ಚೌಕಟ್ಟಿನಲ್ಲಿ, ಹೊರಮುಖಕ್ಕೆ, ಆಳೆತ್ತರದಲ್ಲಿ ಒಂದು ಮೊಳೆ ಇದೆ. ಮೊನ್ನೆಮೊನ್ನೆಯವರೆಗೆ ಅದಕ್ಕೆ ಏನನ್ನೂ ತೂಗುಹಾಕಿರಲಿಲ್ಲ. ಕ್ಯಾಲೆಂಡರಿಲ್ಲ, ಮಾವಿನ ಸೊಪ್ಪಿಲ್ಲ, ದೃಷ್ಟಿಗೆಂದು ಕಟ್ಟುವ ನಿಂಬೆಹಣ್ಣೂ ಇಲ್ಲ. ಮರಕ್ಕೆ ಪಾಲಿಶ್ ಹಚ್ಚಲು ಬಂದವರು ಪ್ರತಿ ಸಲವೂ "ಸಾರ್, ಇದನ್ನ ಕಿತ್ ಹಾಕ್ಬಿಡ್ಲಾ?" ಎಂದು ಕೇಳುತ್ತಾರೆ. "ಬೇಡಪ್ಪ, ಅದರ ಸುತ್ತ ಹಚ್ಚು" ಎನ್ನುತ್ತೇನೆ. ಮುದುಕನಿಗೆ ಏನೋ ಹುಚ್ಚು ಎಂದುಕೊಂಡು ಅವರು ಸುತ್ತ ಹಚ್ಚಿ ಹೋಗುತ್ತಾರೆ. ಅಮೃತಹಳ್ಳಿಯ ನಮ್ಮ ಹಳೆಯ ಹೆಂಚಿನ ಮನೆಯನ್ನು ಕೆಡವಿ ಈಗಿನ ಮೂರಂತಸ್ತಿನ ಮನೆ ಕಟ್ಟಿಸಿದಾಗ ನಾನು ಉಳಿಸಿಕೊಂಡದ್ದು ಈ ಚೌಕಟ್ಟೊಂದೇ. ತೇಗದ ಮರ, ಅದಕ್ಕೇ ಉಳಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಉಳಿಸಿದ್ದು ಮೊಳೆಗಾಗಿ.

ಈಗ ಆ ಮೊಳೆಯ ಮಾತು ಯಾಕೆ ಬಂತೆಂದರೆ, ಕಣ್ಣಿನ ಡಾಕ್ಟರು ನನಗೆ ಇನ್ನು ಕಾರು ಓಡಿಸಬೇಡಿ ಎಂದುಬಿಟ್ಟರು.

ಎರಡು ವರ್ಷದಿಂದ ನನಗೆ ಅನುಮಾನ ಇತ್ತು ಅನ್ನಿ. ಆಟೋಗಳು ಎಡಗಡೆಯಿಂದ ಧುತ್ತೆಂದು ಬರುತ್ತಿದ್ದವು. ಸ್ಕೂಟರುಗಳು ಇಲ್ಲದ ಕಡೆಯಿಂದ ಹುಟ್ಟಿಕೊಳ್ಳುತ್ತಿದ್ದವು. ಆದರೆ ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಎಲ್ಲರಿಗೂ ಎಲ್ಲವೂ ಧುತ್ತೆಂದೇ ಬರುತ್ತದೆ, ಹಾಗಾಗಿ ದೋಷ ನನ್ನ ಕಣ್ಣಿನದೋ ಊರಿನದೋ ಎಂದು ತೀರ್ಮಾನಿಸಲು ಕಷ್ಟವಾಗಿತ್ತು. ನಾನು ಊರಿನದೇ ಎಂದು ತೀರ್ಮಾನಿಸಿ ಬೈದುಕೊಂಡು ಓಡಿಸುತ್ತಿದ್ದೆ. ಒಂದು ದಿನ ನಮ್ಮದೇ ಗೇಟಿಗೆ ಗುದ್ದಿದೆ. ಗೇಟು ಧುತ್ತೆಂದು ಬಂತು ಎಂದು ಮಗಳಿಗೆ ಹೇಳಲಾಗಲಿಲ್ಲ.

ಮಗಳು ರಶ್ಮಿ ನಮ್ಮ ಮನೆಯದೇ ಮೊದಲ ಮಹಡಿಯಲ್ಲಿದ್ದಾಳೆ, ಬ್ಯಾಂಕಿನಲ್ಲಿ ಕೆಲಸ. ಅವಳೇ ಎಳೆದುಕೊಂಡು ಹೋದಳು. ಅಲ್ಲಿ ಒಂದು ಯಂತ್ರದೊಳಗೆ ಗದ್ದ ಇಡಿಸಿ, ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಜಾಣತನ ಮಾಡಿ, ಕಾಣದಿದ್ದಾಗಲೂ ಆಗಾಗ ಒತ್ತಿದೆ. ಅಂದಾಜಿನ ಮೇಲೆ ಉತ್ತರ ಬರೆದೇ ಎಸ್ಸೆಸ್ಸೆಲ್ಸಿ ದಾಟಿದವನು ನಾನು. ಯಂತ್ರಕ್ಕೆ ಅದೂ ಗೊತ್ತಾಗುತ್ತದಂತೆ. "ನೇರಕ್ಕೆ ಚೆನ್ನಾಗೇ ಕಾಣುತ್ತೆ ನಿಮಗೆ. ಅಕ್ಕಪಕ್ಕದ್ದು ಹೋಗಿದೆ. ಅದು ವಾಪಸ್ ಬರಲ್ಲ. ದಯವಿಟ್ಟು ಗಾಡಿ ಓಡಿಸ್ಬೇಡಿ" ಎಂದರು ಡಾಕ್ಟರು. ದಯವಿಟ್ಟು ಎಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ಮನೆಗೆ ಬಂದ ಮೇಲೆ ರಶ್ಮಿ ಕೈ ಚಾಚಿದಳು. "ಕೀ ಕೊಡಿ ಅಪ್ಪಾ."

"ಭಾನುವಾರ ಕೊಡ್ತೀನಿ."

"ಭಾನುವಾರ ಯಾಕೆ? ಈಗ್ಲೇ ಕೊಡಿ. ಅಲ್ಲಪ್ಪಾ, ಇನ್ಮೇಲೆ ಸ್ವಂತಕ್ಕೆ ಕಾರು ಇಟ್ಕೊಳ್ಳೋದೇ ಹಳೇ ಕಾಲದ್ದು. ಬೇಕಾದಾಗ ಫೋನಲ್ಲಿ ಕರ್ಸೋದು, ಹೋಗೋದು, ಇಳಿಯೋದು. ಇನ್ನೊಂದ್ ಸ್ವಲ್ಪ ವರ್ಷ ತಡ್ಕೊಳ್ಳಿ, ಡ್ರೈವರೂ ಇರಲ್ಲ. ಕಾರೇ ತಾನಾಗಿ ಬಂದು ಗೇಟ್ ಹತ್ರ ನಿಲ್ಲುತ್ತೆ. ಮನೆಮನೆಗೂ ಒಂದೊಂದು ಯಾಕ್ ಬೇಕು? ಏರಿಯಾಗೆಲ್ಲ ಸೇರಿ ನಾಲ್ಕು ಕಾರಿದ್ರೆ ಸಾಕು."

ನಾಲ್ಕು ಯಾಕಮ್ಮ, ಒಂದೇ ಸಾಕಾಗಿತ್ತು ಎನ್ನಬೇಕೆನಿಸಿತು.

ಒಂದೇ ಸಾಕಾಗಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಆಗ ಇಲ್ಲಿ ದ್ರಾಕ್ಷಿ ತೋಟ. ಈಗ ಅಪಾರ್ಟ್‌ಮೆಂಟಿನವರು ಬೆಳಿಗ್ಗೆ ನಾಯಿ ಹಿಡಿದುಕೊಂಡು ನಡೆಯುವ ರಸ್ತೆ ಇದೆಯಲ್ಲ, ಅದು ನಮ್ಮ ತೋಟದ ಬದು. ಒಂದು ವರ್ಷ ದ್ರಾಕ್ಷಿ ಚೆನ್ನಾಗಿ ಬಂತೆಂದು ಅಪ್ಪ ಒಂದು ಬಿಳಿ ಕಾರು ತಂದರು, ಹಳೆಯದೇ. ಊರಿಗೆಲ್ಲ ಅದೊಂದೇ ಕಾರು. ಬಂದ ದಿನ ನಿಂಬೆಹಣ್ಣಿನ ಮೇಲೆ ಹತ್ತಿಸಿ, ಮಂಗಳಾರತಿ ಮಾಡಿ, ಊರಿನವರನ್ನೆಲ್ಲ ಕಂತು ಕಂತಾಗಿ ಕೂರಿಸಿಕೊಂಡು ಯಲಹಂಕದವರೆಗೆ ಹೋಗಿ ಬಂದದ್ದಾಯಿತು. ಆಮೇಲೆ ಅಪ್ಪ ಒಂದು ಮೊಳೆ ತೆಗೆದುಕೊಂಡು ಬಾಗಿಲ ಚೌಕಟ್ಟಿಗೆ ಹೊರಗಡೆಯಿಂದ ಹೊಡೆದರು. ಕೀಲಿಕೈ ಅಲ್ಲಿ ತೂಗುಬಿಟ್ಟು, "ಯಾರಿಗ್ ಬೇಕೋ ತಗಂಡೋಗ್ರಪ್ಪ, ಕೇಳ್ಕಂಡು ಕಾಯ್ಕಂಡು ಕೂರ್ಬೇಡಿ" ಎಂದರು.

ಪದ್ಧತಿ ಇಷ್ಟೇ. ಜಗಲಿ ಹತ್ತಿ, ಮೊಳೆಯಿಂದ ಕೀ ತೆಗೆದುಕೊಂಡು, ಮನೆಯೊಳಕ್ಕೆ ಕೇಳುವಂತೆ "ಗೌಡ್ರೇ, ಕೀ ತಗಂಡೆ!" ಎಂದು ಕೂಗಬೇಕು. ಒಳಗಿನಿಂದ ಅಪ್ಪ "ಉಸಾರು ಕಣ್ರಪ್ಪ!" ಎನ್ನುತ್ತಿದ್ದರು. ಯಾರಿಗೆ, ಎಲ್ಲಿಗೆ, ಯಾವಾಗ ವಾಪಸ್ಸು, ಒಂದೂ ಕೇಳುತ್ತಿರಲಿಲ್ಲ. ಅಪ್ಪ ತೋಟದಲ್ಲಿದ್ದರೆ ಅಮ್ಮ ಹೇಳುತ್ತಿದ್ದಳು, ಅಮ್ಮ ಇಲ್ಲದಿದ್ದರೆ ಅಜ್ಜಿ. ಆ "ಉಸಾರು" ಕಿವಿಗೆ ಬೀಳುವವರೆಗೆ ಯಾರೂ ಜಗಲಿ ಇಳಿಯುತ್ತಿರಲಿಲ್ಲ. ಓಡಿಸಲು ಬರುತ್ತಿದ್ದವರು ಊರಲ್ಲಿ ಮೂರೇ ಜನ, ಓಡಿಸುವವನ ತಪ್ಪು ಹೇಳಲು ಬರುತ್ತಿದ್ದವರು ಮಾತ್ರ ಊರಿಗೆ ಊರೇ.

ಆ ಕಾರಿನಲ್ಲಿ ಏನೇನು ಹೋಗಿಲ್ಲ! ಮದುಮಗಳು ಹೋದಳು, ಬಾಣಂತಿ ಬಂದಳು, ರಾಗಿ ಮೂಟೆ ಹೋಯಿತು. ಒಂದು ಸಲ ಕಾಲು ಮುರಿದ ಕರುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೆಬ್ಬಾಳದ ದನದ ಆಸ್ಪತ್ರೆಗೆ ಹೋದರು. ಅದು ದಾರಿಯಲ್ಲಿ ಗಂಜಲ, ಸಗಣಿ ಎರಡೂ ಮಾಡಿತು. ಅಪ್ಪ ನಕ್ಕು, "ಒಳ್ಳೇದೇ ಆಯ್ತು ಬುಡ್ರಪ್ಪ, ಗೃಹಪ್ರವೇಶ ಆದಂಗಾಯ್ತು" ಎಂದರು. ಸೀಟು ತೊಳೆದವನು ನಾನು. ನನಗೆ ನಗು ಬರಲಿಲ್ಲ.

ಅಲ್ಲಿಂದಲೇ ಶುರುವಾಯಿತು ನನ್ನ ಅಹಂಕಾರ. ಇಪ್ಪತ್ಮೂರು ವರ್ಷ, ಹೊಸದಾಗಿ ಲೈಸೆನ್ಸು, ಕ್ರಾಪು ಬಾಚಿಕೊಳ್ಳಲು ಕಾರಿನ ಕನ್ನಡಿಯನ್ನೇ ನನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ ಕಾಲ. ನಮ್ಮ ಕಾರು ನಮ್ಮದು, ಊರಿನದು ಯಾಕಾಗಬೇಕು ಎಂದು ಹೊಟ್ಟೆಯುರಿಯುತ್ತಿತ್ತು. ಆಗ ಮಾಕಳಿಯ ಒಂದು ಮನೆಯಲ್ಲಿ ನನಗೆ ಹೆಣ್ಣು ನೋಡುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ಇಡೀ ಬೆಳಿಗ್ಗೆ ಕೂತು ಕಾರು ತೊಳೆದೆ. ಸೀಟಿಗೆ ಹೊಸ ಬಟ್ಟೆ ಹಾಸಿದೆ. ಮಧ್ಯಾಹ್ನ ಯಶವಂತಪುರದಲ್ಲಿ ಗೆಳೆಯರ ಜೊತೆ ಮ್ಯಾಟಿನಿಗೆ ಹೋಗಬೇಕಿತ್ತು. ಹೊರಡುವಾಗ ಮೊಳೆಯ ಕಡೆ ನೋಡಿದೆ. ಯಾರಾದರೂ ಬಂದು ಕುರಿ ತುಂಬಿಕೊಂಡು ಹೋದರೆ ನಾಳೆ ಏನು ಗತಿ ಎನಿಸಿತು. ಕೀ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕೂಗಿ ಹೇಳಲಿಲ್ಲ. ಅಷ್ಟೇ ನಾನು ಮಾಡಿದ್ದು.

ನಮ್ಮ ಪಕ್ಕದ ಮನೆ ಪಿಳ್ಳಪ್ಪನದು. ಅವನ ತುಂಡು ತೋಟ ನಮ್ಮ ತೋಟಕ್ಕೇ ಅಂಟಿಕೊಂಡಿತ್ತು. ಆ ಮಧ್ಯಾಹ್ನ ಚಪ್ಪರದ ಕೆಳಗೆ ಕಳೆ ತೆಗೆಯುತ್ತಿದ್ದಾಗ ಅವನಿಗೆ ಹಾವು ಕಚ್ಚಿತು. ಅವನ ಹೆಂಡತಿ ಮುನಿಯಕ್ಕ, ಆಗ ಅವಳಿಗೆ ಮೂವತ್ತಿರಬಹುದು, ಓಡಿಬಂದು ನಮ್ಮ ಜಗಲಿ ಹತ್ತಿದಳು. ಕಾರು ಅಂಗಳದಲ್ಲಿ ಫಳಫಳ ಹೊಳೆಯುತ್ತಾ ನಿಂತಿತ್ತು. ಮೊಳೆ ಖಾಲಿ ಇತ್ತು. ಅಪ್ಪ ಮನೆಯಲ್ಲೇ ಇದ್ದರು, ಓಡಿಸಲೂ ಬರುತ್ತಿತ್ತು. ದೇವರ ಗೂಡು, ಅಕ್ಕಿ ಡಬ್ಬ, ಹಾಸಿಗೆ ಎಲ್ಲ ಕಿತ್ತು ಹುಡುಕಿದರಂತೆ. ಕೀ ಇಲ್ಲದೆ ತಂತಿ ಜೋಡಿಸಿ ಚಾಲೂ ಮಾಡುವುದು ಆ ಕಾಲಕ್ಕೆ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಡೆಗೆ ಪಿಳ್ಳಪ್ಪನನ್ನು ಹೆಗಲ ಮೇಲೆ ಹೊತ್ತುಕೊಂಡು ಬಳ್ಳಾರಿ ರಸ್ತೆಗೆ ಓಡಿ, ಲಾರಿಯೊಂದಕ್ಕೆ ಕೈಯೊಡ್ಡಿ ಹತ್ತಿಸಿದರು. ಹೆಬ್ಬಾಳ ದಾಟುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಸಂಜೆ ನಾನು ಬಸ್ಸಿಳಿದು ಸಿನಿಮಾದ ಹಾಡು ಗುನುಗುತ್ತಾ ಬಂದೆ. ಅಪ್ಪ ಅಂಗಳದ ತುದಿಯಲ್ಲಿ ನಿಂತಿದ್ದರು. ಸುಮ್ಮನೆ ಕೈ ಚಾಚಿದರು. ಜೇಬಿನಿಂದ ತೆಗೆದು ಕೊಟ್ಟೆ. ಪಕ್ಕದ ಮನೆಯ ಅಳು ನನಗೆ ಆಗ ಕೇಳಿಸಿತು.

ಅಪ್ಪ ಆ ಮನೆಗೆ ಹೋದರು, ನಾನು ಹಿಂದೆ ಹೋದೆ. ಪಿಳ್ಳಪ್ಪನ ತಮ್ಮಂದಿರು, ನೆಂಟರು ಎಲ್ಲ ಸೇರಿದ್ದರು. ಅಪ್ಪ ಮುನಿಯಕ್ಕನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ಕೀ ನನ್ ತಾವೇ ಇತ್ತು ಕಣವ್ವ. ತ್ವಾಟದಾಗೆ ಎಲ್ಲೋ ಬೀಳಿಸ್ಕಂಡಿದ್ದೆ. ಈಗ್ ಸಿಕ್ತು. ತಪ್ಪು ನಂದು" ಎಂದರು. ನಾನು ಅವರ ಬೆನ್ನಿನ ಹಿಂದೆ ನಿಂತಿದ್ದೆ. ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ. ಮುನಿಯಕ್ಕ ಅಪ್ಪನ ಮುಖ ನೋಡಿ ಬಾಗಿಲು ಹಾಕಿಕೊಂಡಳು.

ಅಪ್ಪ ಯಾಕೆ ಹಾಗೆ ಹೇಳಿದರೋ ಅವರು ಬದುಕಿದ್ದಾಗ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಿಳ್ಳಪ್ಪನ ತಮ್ಮಂದಿರ ಕೈಯಿಂದ ನನ್ನನ್ನು ಉಳಿಸಲು ಇರಬೇಕು. ಮಾಕಳಿಯ ಸಂಬಂಧ ಬಿಟ್ಟುಹೋಯಿತು. ಊರಿನ ಜನ ಕೀ ಕೇಳಲು ಬರುವುದು ಕಡಿಮೆಯಾಯಿತು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಎದ್ದು ಕೀ ಮೊಳೆಯಲ್ಲಿದೆಯೋ ಇಲ್ಲವೋ ನೋಡಿಯೇ ಮುಖ ತೊಳೆಯುತ್ತಿದ್ದರು. ಮುನಿಯಕ್ಕ ಅವರ ಜೊತೆ ಮತ್ತೆ ಒಂದು ಮಾತೂ ಆಡಲಿಲ್ಲ. ನಮ್ಮ ಜಗಲಿ ಹತ್ತಲಿಲ್ಲ. ಹದಿಮೂರು ವರ್ಷ ಕಳೆದು ಅಪ್ಪ ತೀರಿಕೊಂಡಾಗಲೂ ಬರಲಿಲ್ಲ.

ಅಪ್ಪ ಹೋದ ಮೇಲೆ ನಾನು ನನ್ನದೇ ಕಾರು ತೆಗೆದುಕೊಂಡೆ. ಮುನಿಯಕ್ಕನ ಹಿರಿಯ ಮಗಳನ್ನು ಚಿಕ್ಕಜಾಲಕ್ಕೆ ಕೊಟ್ಟಿತ್ತು. ಒಂದು ದಿನ ಮುನಿಯಕ್ಕ ಬಸ್ ಸ್ಟಾಪಿನಲ್ಲಿ ಗಂಟು ಹಿಡಿದು ನಿಂತಿದ್ದಳು. ನಾನು ನಿಲ್ಲಿಸಿ, "ಬಾ ಅಕ್ಕ, ಬಿಡ್ತೀನಿ" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಹತ್ತಿದಳು. ಅಂದಿನಿಂದ ತಿಂಗಳಿಗೊಂದು ಭಾನುವಾರ ಅವಳನ್ನು ಚಿಕ್ಕಜಾಲಕ್ಕೆ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸವಾಯಿತು. ಮೂವತ್ತು ವರ್ಷ ದಾಟಿತು. ಕಾರು ಮೂರು ಬದಲಾದವು. ಅವಳು ಗೇಟಿನಲ್ಲೇ ನಿಂತು ಹತ್ತುತ್ತಾಳೆ, ಗೇಟಿನಲ್ಲೇ ಇಳಿಯುತ್ತಾಳೆ. ಪ್ರತಿ ಸಲ ಇಳಿಯುವಾಗ ಒಂದೇ ಮಾತು: "ನೀನಾದ್ರೂ ನಿಮ್ಮಪ್ಪನಂಗಾಗ್ನಿಲ್ಲ ಬುಡು ಕಿಟ್ಟ."

ಈ ಮಾತನ್ನು ಮೂವತ್ತು ವರ್ಷ ಕೇಳಿಸಿಕೊಂಡು ಅನ್ನ ತಿಂದಿದ್ದೇನೆ ನೋಡಿ.

ಹೇಳಬೇಕೆಂದು ಪ್ರತಿ ತಿಂಗಳೂ ಹೊರಡುತ್ತಿದ್ದೆ. ಜಕ್ಕೂರು ದಾಟಲಿ, ಹೇಳೋಣ. ಯಲಹಂಕ ಬರಲಿ, ಹೇಳೋಣ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾತಾಡುತ್ತಾ ಓಡಿಸಬಾರದು, ವಾಪಸ್ ಬರುವಾಗ ಹೇಳೋಣ. ವಾಪಸ್ ಬರುವಾಗ ಅವಳು ಮಗಳ ಮನೆಯಲ್ಲಿ ಉಂಡ ಅವರೆಕಾಳು ಸಾರಿನ ಮಾತು ತೆಗೆಯುತ್ತಿದ್ದಳು. ನನ್ನ ಹೆಂಡತಿಗೂ ನಾನು ಹೇಳಿರಲಿಲ್ಲ. ಅವಳು ಗೊತ್ತಿಲ್ಲದೆಯೇ ಹೋದಳು.

ಈಗ ಮುನಿಯಕ್ಕನ ಮೊಮ್ಮಗಳು ಲತಾ ಟ್ಯಾಕ್ಸಿ ಓಡಿಸುತ್ತಾಳೆ. ವಿಮಾನ ನಿಲ್ದಾಣಕ್ಕೆ ಹೋಗಿಬರುವ, ಕರೆಂಟಿನಲ್ಲಿ ಓಡುವ ಕಾರು. ಸದ್ದೇ ಇಲ್ಲ. "ಕಳ್ಳಬೆಕ್ಕಿನಂಗೆ ಬತ್ತದೆ, ಎದೆ ಧಸಕ್ ಅಂತದೆ" ಎಂದು ಅಜ್ಜಿ ಬೈಯುತ್ತಾಳೆ. ಲತಾಳಿಗೆ ರಶ್ಮಿ ಹೇಳುವ ಭವಿಷ್ಯ ಅಷ್ಟು ಹಿಡಿಸುವುದಿಲ್ಲ. "ಕಾರು ತಾನೇ ಓಡ್ಸ್ಕೊಂಡ್ ಹೋದ್ರೆ ನಾನೆಲ್ಲಿಗ್ ಹೋಗ್ಲಿ ತಾತ? ಈಗ ತಾನೇ ಲೈಸೆನ್ಸ್ ಮಾಡ್ಸ್ಕೊಂಡು ನೆಟ್ಟಗೆ ನಿಂತಿದೀನಿ" ಎಂದು ಒಮ್ಮೆ ಕೇಳಿದ್ದಳು. ತಾನೇ ಓಡುವ ಕಾರು ಬರಲಿ, ಬೇಡ ಎನ್ನಲು ನಾನ್ಯಾರು? ಬಂದರೆ ನನ್ನಂಥ ಅರೆಗುರುಡರಿಗೆ ಕಾಲು ಬಂದ ಹಾಗೇ. ಆದರೆ ಅದು ಯಾರ ಮನೆಯ ಕಡೆಯಿಂದ ಬಂತು, ಯಾರು "ಉಸಾರು" ಅಂದರು ಎನ್ನುವುದು ಇರುವುದಿಲ್ಲ. ಅದಕ್ಕೆ ತಪ್ಪೂ ಆಗದಿರಬಹುದು. ಕೀಯನ್ನು ಜೇಬಿಗೆ ಹಾಕಿಕೊಂಡು ಸಿನಿಮಾಗೆ ಹೋಗಲು ಅದಕ್ಕೆ ಜೇಬೇ ಇಲ್ಲವಲ್ಲ.

ಭಾನುವಾರ ಕೊಡುತ್ತೇನೆ ಎಂದು ರಶ್ಮಿಗೆ ಹೇಳಿದ್ದೆನಲ್ಲ, ಅದು ಚಿಕ್ಕಜಾಲದ ಭಾನುವಾರ. ಇನ್ನೊಂದೇ ಸಲ ಹೋಗಿಬರೋಣ ಎಂದು ಆಸೆ. ಶನಿವಾರ ಮಧ್ಯಾಹ್ನ ನನಗೇ ನಾಚಿಕೆಯಾಯಿತು. ಮುನಿಯಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಕ್ಕವೇ ಕಾಣದ ಕಣ್ಣಲ್ಲಿ ಓಡಿಸುವುದೇ? ಆ ಮನೆಯ ಒಂದು ಜೀವ ಸಾಲದೇ?

ಅವಳ ಮನೆಗೆ ಹೋದೆ. ಬಾಗಿಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಕಣ್ಣಿನ ಸುದ್ದಿ ಹೇಳಿದೆ. ಅವಳು ಲೊಚಗುಟ್ಟಿದಳು. "ಓಗ್ಲಿ ಬುಡೋ. ಇಷ್ಟ್ ವರ್ಸ ಸುತ್ತಾಡ್ಸಿದ್ಯ. ಸ್ವಂತ ತಮ್ಮನ್ ತರ ನೋಡ್ಕಂಡೆ. ನಿಮ್ಮಪ್ಪನಂಗಾಗ್ನಿಲ್ಲ ನೀನು."

"ಅಕ್ಕ, ಅವತ್ತು ಕೀ ಅಪ್ಪನ ಹತ್ರ ಇರಲಿಲ್ಲ. ನನ್ನ ಜೇಬಲ್ಲಿತ್ತು. ನಾನು ಯಶವಂತಪುರದಲ್ಲಿ ಸಿನಿಮಾ ನೋಡ್ತಾ ಕೂತಿದ್ದೆ. ಸೀಟು ಗಲೀಜಾಗುತ್ತೆ ಅಂತ ತಗೊಂಡ್ ಹೋಗಿದ್ದೆ. ಅಪ್ಪ ನನಗೋಸ್ಕರ ಸುಳ್ಳು ಹೇಳಿದ್ರು" ಎಂದೆ. ನಲವತ್ತೈದು ವರ್ಷ ನುಂಗಿಕೊಂಡಿದ್ದ ಮಾತು ಹೇಳಿ ಮುಗಿಸಲು ಒಂದು ಅವರೆಕಾಯಿ ಸುಲಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಅವಳ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೇ ಕೂತೆ. ಅವಳು ನನ್ನನ್ನು ನೋಡಲೇ ಇಲ್ಲ.

"ಗೌಡ್ರು ಸಾಯೋ ಮುಂದೆ ನನ್ನ ಕರ್ಸಿದ್ರು ಕಣೋ. ನಿಮ್ಮವ್ವ ಬಂದು, ಒಂದ್ ತೊಟ್ಟು ನೀರು ಬುಟ್ಟೋಗು ಬಾ ಅಂದ್ಲು. ನಾನ್ ಓಗ್ನಿಲ್ಲ" ಎಂದಳು.

ನನಗೆ ಇದು ಗೊತ್ತಿರಲಿಲ್ಲ.

"ನನ್ ಗಂಡನ್ ಸಾವು ದೇವ್ರು ಮಾಡ್ದ ಅಂತ ಸಮಾಧಾನ ಮಾಡ್ಕಂಡೆ. ಇದ್ ಯಾರ್ ಮಾಡಿದ್ದು ಯೋಳು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು, ಅವತ್ತಿನ ಹಾಗೆಯೇ. ಈ ಸಲ ಬಾಗಿಲ ಮುಂದೆ ಅಪ್ಪ ಇರಲಿಲ್ಲ, ಹಿಂದೆ ಅವಿತುಕೊಳ್ಳಲು ಅವರ ಬೆನ್ನೂ ಇರಲಿಲ್ಲ. ಎಷ್ಟೋ ಹೊತ್ತು ಅಲ್ಲೇ ಕೂತು ಅತ್ತೆ. ಅರವತ್ತೆಂಟು ವರ್ಷದವನು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಅಳುವುದನ್ನು ಬೈಕಿನಲ್ಲಿ ಹೋಗುವವರು ತಿರುಗಿ ತಿರುಗಿ ನೋಡಿದರು.

ಮನೆಗೆ ಬಂದು ಕೀಯನ್ನು ರಶ್ಮಿಯ ಕೈಗೆ ಕೊಡಲಿಲ್ಲ. ಮೊಳೆಗೆ ಹಾಕಿದೆ. ಅವಳನ್ನು ಕರೆದು ಎಲ್ಲ ಹೇಳಿದೆ. "ಅಲ್ಲೇ ಇರ್ಲಿ ಬಿಡಿ ಅಪ್ಪಾ" ಎಂದಳು. ಚಿಕ್ಕಜಾಲದ ಭಾನುವಾರ ಬಂದು ಹೋಯಿತು. ಮುನಿಯಕ್ಕ ಬಸ್ಸಿನಲ್ಲಿ ಹೋದಳಂತೆ. ಒಂಬತ್ತು ದಿನ ಕೀ ಮೊಳೆಯಲ್ಲೇ ತೂಗುತ್ತಿತ್ತು. ಬೆಳಿಗ್ಗೆ ಎದ್ದು ಅದು ಅಲ್ಲಿದೆಯೇ ಎಂದು ನೋಡುವುದು ನನಗೂ ಅಭ್ಯಾಸವಾಯಿತು.

ಹತ್ತನೆಯ ದಿನ ನನಗೆ ಮತ್ತೆ ಕಣ್ಣಿನ ಆಸ್ಪತ್ರೆ. ರಶ್ಮಿಗೆ ಬ್ಯಾಂಕಿನಲ್ಲಿ ರಜೆ ಸಿಗದೆ, ಫೋನಿನಲ್ಲಿ ಕಾರು ಕರೆಸುತ್ತೇನೆ ಎಂದಿದ್ದಳು. ನಾನು ನಡುಮನೆಯಲ್ಲಿ, ಅಪ್ಪನ ಪಟದ ಕೆಳಗಿನ ಕುರ್ಚಿಯಲ್ಲಿ ಚಪ್ಪಲಿ ಹಾಕಿಕೊಂಡು ಕಾಯುತ್ತಾ ಕೂತಿದ್ದೆ. ಗೇಟು ಸದ್ದಾಯಿತು. ಬಂದವರು ಲತಾ, ಅವಳ ಹಿಂದೆ ಮುನಿಯಕ್ಕ.

"ತಾತ, ವಿಷ್ಯ ರಶ್ಮಿ ಅಕ್ಕ ಹೇಳಿದ್ರು. ನನಗಿವತ್ತು ಡ್ಯೂಟಿ ಇಲ್ಲ. ಆಸ್ಪತ್ರೆಗೆ ನಾನ್ ಕರ್ಕೊಂಡ್ ಹೋಗ್ಬೇಕಂತೆ, ಅಜ್ಜಿ ಆರ್ಡರು" ಎಂದಳು ಲತಾ.

ನಾನು ಎದ್ದು ನಿಂತೆ. ಮುನಿಯಕ್ಕ ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ಜಗಲಿ ಹತ್ತಿದಳು. "ಬಾ ಅಕ್ಕ" ಎಂದೆ.

"ನಾನ್ ಬಂದಿದ್ದು ನಿನ್ ತಾವಕ್ಕಲ್ಲ, ಗೌಡ್ರ ತಾವಕ್ಕೆ. ನಿನ್ ಮ್ಯಾಲಿನ್ ಸಿಟ್ಟು ನಂಗಿನ್ನೂ ಆರಿಲ್ಲ" ಎಂದಳು. ಬಾಗಿಲಲ್ಲೇ ನಿಂತು ಒಳಗಿನ ಪಟವನ್ನು ನೋಡಿದಳು. ಕೈ ಮುಗಿಯುತ್ತಾಳೇನೋ ಎಂದುಕೊಂಡೆ, ಮುಗಿಯಲಿಲ್ಲ. ಪಕ್ಕಕ್ಕೆ ಕೈ ಹಾಕಿ ಮೊಳೆಯಿಂದ ಕೀ ತೆಗೆದು, ಮನೆಯೊಳಕ್ಕೆ ಕೇಳುವಂತೆ ಕೂಗಿದಳು.

"ಗೌಡ್ರೇ, ಕೀ ತಗಂಡೆ!"

ಕೀಯನ್ನು ಲತಾಳ ಕೈಗೆ ಕೊಟ್ಟಳು. ಆದರೆ ಅಲ್ಲಿಂದ ಕದಲಲಿಲ್ಲ. ಲತಾ "ನಡಿ ಅಜ್ಜಿ, ಟ್ರಾಫಿಕ್ ಆಗುತ್ತೆ" ಎಂದು ತೋಳು ಹಿಡಿದಳು. ಅವಳು ಕೈ ಬಿಡಿಸಿಕೊಂಡು, ಪಟದ ಕಡೆ ನೋಡುತ್ತಾ ನಿಂತೇ ಇದ್ದಳು. ಉತ್ತರ ಬಾರದೆ ಜಗಲಿ ಇಳಿಯುವ ಪದ್ಧತಿ ನಮ್ಮೂರಲ್ಲಿ ಇರಲಿಲ್ಲವಲ್ಲ. ಒಳಗೆ ಇದ್ದವನು ನಾನೊಬ್ಬನೇ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಉಸಾರು ಕಣವ್ವ" ಎಂದೆ.

ಮುನಿಯಕ್ಕ ತಲೆಯಾಡಿಸಿ ಮೆಟ್ಟಿಲು ಇಳಿದಳು.